ಉಪ್ಪುನೀರಿನ ಬಟ್ಟಲು

ಮೊನ್ನೆ ಹಳೆಯ ಡೈರಿಗಳನ್ನು ರದ್ದಿಗೆ ಹಾಕೋಣವೆಂದು ಕೊಡವುತ್ತಿದ್ದಾಗ ಒಂದರೊಳಗಿಂದ ಮಡಿಸಿದ ಚೀಟಿಯೊಂದು ಬಿತ್ತು. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಇಂಗ್ಲಿಷಿನಲ್ಲಿ, ನನ್ನ ಮಗಳ ದುಂಡನೆಯ ಅಕ್ಷರ. ‘ದಿನಕ್ಕೆ ಎರಡು ಸಲ. ಕೈ ತೊಳೆಯದೆ ಮುಟ್ಟಬಾರದು. ತಿರುಗಿಸಬಾರದು. ಎಣ್ಣೆ ಬೇಡ. ಆ ಮಗ್ಗುಲಿಗೆ ಮಲಗಬಾರದು. ಮೂರು ತಿಂಗಳು ತಾಳ್ಮೆ. ಅಪ್ಪನಿಗೆ ಗೊತ್ತಾಗಬಾರದು.’ ಕೊನೆಯ ಸಾಲಿನ ಕೆಳಗೆ ಎರಡು ಗೆರೆ.

ಆ ಅಪ್ಪ ನಾನೇ. ಗುರುಗ್ರಾಮವನ್ನು ಎಲ್ಲರೂ ಇನ್ನೂ ಗುರ್ಗಾಂವ್ ಎನ್ನುತ್ತಿದ್ದ ಕಾಲದ ಮಾತಿದು. ಮೆಟ್ರೊ ಬರುತ್ತದೆಯಂತೆ ಎಂಬ ಸುದ್ದಿಯಿತ್ತು, ಬರೀ ಕಂಬಗಳು ಎದ್ದಿದ್ದವು. ನಾನು ಮಾನೇಸರದ ಒಂದು ಕಾರ್ಖಾನೆಯಲ್ಲಿ ತಪಾಸಣೆಯವನಾಗಿದ್ದೆ. ಕಾರಿನ ಬ್ರೇಕಿಗೆ ಹೋಗುವ ಸಣ್ಣ ಸಣ್ಣ ಲೋಹದ ತುಂಡುಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಡಬ್ಬಿಗೆ ಎಸೆಯುವುದು ನನ್ನ ಕೆಲಸ. ಇಪ್ಪತ್ತು ವರ್ಷ ಹೀಗೆ ದೋಷ ಹುಡುಕಿದವನ ಕಣ್ಣು ಮನೆಗೆ ಬಂದ ಕೂಡಲೇ ಬದಲಾಗುವುದಿಲ್ಲ ನೋಡಿ. ಹಾಲಿನ ಭಯ್ಯಾ ನಕ್ಕರೆ ಹಾಲಿಗೆ ನೀರು ಹೆಚ್ಚಾಗಿದೆ ಎಂದುಕೊಳ್ಳುತ್ತಿದ್ದೆ. ನಗದಿದ್ದರೆ ನಿನ್ನೆಯ ಹಾಲು ಎಂದುಕೊಳ್ಳುತ್ತಿದ್ದೆ.

ಆದರೆ ಅನುಮಾನ ನನಗೆ ಕಾರ್ಖಾನೆಯಿಂದ ಬಂದದ್ದಲ್ಲ. ಅದು ಶುರುವಾದ ಬೆಳಗ್ಗೆ ನನಗೆ ಚೆನ್ನಾಗಿ ನೆನಪಿದೆ. ದಾವಣಗೆರೆಯಲ್ಲಿ, ನನಗಾಗ ಆರು ವರ್ಷ. ಅಮ್ಮ ಕಾರಣವಿಲ್ಲದೆ ದೊಡ್ಡ ಬೆಲ್ಲದ ಚೂರು ಕೊಟ್ಟಳು. ಸೋದರಮಾವ ಕಾರಣವಿಲ್ಲದೆ ತೊಡೆಯ ಮೇಲೆ ಕೂರಿಸಿಕೊಂಡ. ಎದುರಿಗೆ ಕೂತಿದ್ದ ಅಕ್ಕಸಾಲಿ ಆಚಾರ್ರು, ‘ಅಗೋ ಮರಿ, ಬೇವಿನಮರದಾಗೆ ಬಿಳೀ ಕಾಗೆ ಐತೆ ನೋಡು’ ಎಂದರು. ನೋಡಿದೆ. ಬಲಗಿವಿಗೆ ಬೆಂಕಿ ಹೊಕ್ಕಂತಾಯಿತು. ಅತ್ತು ಕೂಗಾಡುತ್ತಿದ್ದಾಗಲೇ ಆಚಾರ್ರು, ‘ಅಯ್ಯೋ, ಈ ಕಡೆ ಇನ್ನೊಂದು ಐತಲ್ಲೋ’ ಎಂದರು. ನಾನೆಂಥ ದಡ್ಡನೆಂದರೆ ಆ ಕಡೆಗೂ ನೋಡಿದೆ.

ಮುಂದೆ ತಿಂಗಳುಗಟ್ಟಲೆ ಅಜ್ಜಿ ಕೊಬ್ಬರಿ ಎಣ್ಣೆಗೆ ಅರಿಸಿನ ಕಲಸಿ ಹಚ್ಚಿದಳು. ಕೀವು ಕಟ್ಟಿತು, ಒಣಗಿತು, ಮತ್ತೆ ಕಟ್ಟಿತು. ಹೈಸ್ಕೂಲಿನಲ್ಲಿ ಹುಡುಗರು ಗೇಲಿ ಮಾಡಿದರೆಂದು ಕಿವಿಯ ಕಡಕು ಬಿಚ್ಚಿಟ್ಟೆ, ತೂತು ಮುಚ್ಚಿಕೊಂಡಿತು. ಅನುಮಾನ ಮಾತ್ರ ಮುಚ್ಚಲಿಲ್ಲ. ಇವತ್ತಿಗೂ ಯಾರಾದರೂ ಕಾರಣವಿಲ್ಲದೆ ಸಿಹಿ ಕೊಟ್ಟರೆ ನಾನು ಮೊದಲು ಅವರ ಇನ್ನೊಂದು ಕೈ ನೋಡುತ್ತೇನೆ.

ಇಂಥವನ ಮನೆಯಲ್ಲಿ ಆ ಚಳಿಗಾಲ ಉಪ್ಪು ಬೇಗ ಬೇಗ ಖಾಲಿಯಾಗತೊಡಗಿತು.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಸ್ಟೀಲ್ ಬಟ್ಟಲು. ಬಚ್ಚಲುಮನೆಯ ಗೂಡಿನಲ್ಲಿ, ಶಾಂಪೂ ಬಾಟಲಿಗಳ ಹಿಂದೆ, ತಟ್ಟೆ ಮುಚ್ಚಿ ಇಟ್ಟಿದ್ದರು. ಒಳಗೆ ತಿಳಿನೀರು. ಮೂಸಿದೆ, ವಾಸನೆಯಿಲ್ಲ. ಬೆರಳದ್ದಿ ನಾಲಿಗೆಗಿಟ್ಟೆ, ಉಪ್ಪು. ಬಚ್ಚಲಿನಲ್ಲಿ ಉಪ್ಪುನೀರು ಯಾಕೆ? ಖಚಿತ ಮಾಡಿಕೊಳ್ಳಲು ಇನ್ನೊಂದು ಸಲ ರುಚಿ ನೋಡಿದೆ. ಆ ನೀರಿನಲ್ಲಿ ಏನನ್ನು ಅದ್ದುತ್ತಿದ್ದರೆಂಬುದು ಮುಂದೆ ತಿಳಿದಾಗ ಎರಡು ಹೊತ್ತು ಊಟ ಸೇರಲಿಲ್ಲ.

ಆಮೇಲೆ ಹತ್ತಿ. ದೇವರ ದೀಪದ ಬತ್ತಿಗೆಂದು ತಂದ ಉರುಳೆ ವಾರದಲ್ಲಿ ಅರ್ಧವಾಗಿತ್ತು. ನಮ್ಮ ದೇವರಿಗೋ ದಿನಕ್ಕೆ ಎರಡೇ ಬತ್ತಿ. ಆಮೇಲೆ ಬಾಗಿಲು. ಬೆಳಗ್ಗೆ ನನ್ನ ಕಂಪನಿ ಗಾಡಿ ಬರುವ ಹೊತ್ತಿಗೆ ಮಗಳು ಮೇಘಾಳ ಕೋಣೆಯ ಬಾಗಿಲು ಹಾಕಿರುತ್ತಿತ್ತು, ಒಳಗೆ ತಾಯಿ ಮಗಳ ಪಿಸುಮಾತು. ನಾನು ಕೆಮ್ಮಿದರೆ ಪಿಸುಮಾತು ನಿಲ್ಲುತ್ತಿತ್ತು.

‘ಏನು ನಡೀತಿದೆ?’ ಎಂದು ಒಂದು ದಿನ ಕೇಳಿದೆ.

‘ಏನಿಲ್ಲ ರೀ, ಅವಳ ತಲೆ ಬಾಚ್ತಿದ್ದೆ’ ಎಂದಳು ನನ್ನ ಹೆಂಡತಿ ವನಜಾ. ಮೇಘಾಗೆ ಆಗ ಹತ್ತೊಂಬತ್ತು. ತಾಯಿಯಿಂದ ತಲೆ ಬಾಚಿಸಿಕೊಂಡು ಎಂಟು ವರ್ಷವಾಗಿತ್ತು.

ಆ ವಾರವೇ, ದಿನಪತ್ರಿಕೆಗಳ ರಾಶಿಯಲ್ಲಿ ಆ ಚೀಟಿ ಸಿಕ್ಕಿದ್ದು. ಮಗಳು ತನಗೆ ತಾನೇ ಬರೆದುಕೊಂಡ ಪಟ್ಟಿ ಎಂದುಕೊಂಡೆ. ಚೀಟಿಯನ್ನು ಡೈರಿಯೊಳಗಿಟ್ಟುಕೊಂಡು ಕಾರ್ಖಾನೆಗೆ ಹೋದೆ.

ನನ್ನ ಪಕ್ಕದ ಮೇಜಿನ ದಹಿಯಾ ರೋಹತಕ್ ಕಡೆಯವನು, ದೆಹಲಿಯ ಹುಡುಗಿಯರ ವಿಚಾರದಲ್ಲಿ ತನಗೆ ತಿಳಿಯದ್ದಿಲ್ಲ ಎಂದು ನಂಬಿದವನು. ಯಾರ ಮನೆಯ ಮಾತೆಂದು ಹೇಳದೆ, ‘ಉಪ್ಪುನೀರು, ಹತ್ತಿ, ಮೂರು ತಿಂಗಳು. ಏನಿರಬಹುದು?’ ಎಂದೆ. ಅವನು ಪರಾಠ ಮುರಿಯುತ್ತಾ, ‘ಛೇದ್ ಕರ್ವಾಯಾ ಹೋಗಾ’ ಎಂದ. ಈಗಿನ ಹುಡುಗಿಯರು ಹುಬ್ಬಿಗೆ, ನಾಲಿಗೆಗೆ, ಹೊಕ್ಕಳಿಗೆ ಕೂಡ ಚುಚ್ಚಿಸಿಕೊಳ್ಳುತ್ತಾರಂತೆ. ಹೊಕ್ಕಳು ಎನ್ನುವಾಗ ಅವನು ತನ್ನ ದೊಡ್ಡ ಹೊಟ್ಟೆಯನ್ನೇ ಮುಟ್ಟಿ ತೋರಿಸಿದ. ನಾನು ಊಟದ ಡಬ್ಬಿ ಮುಚ್ಚಿಟ್ಟೆ.

ಅವತ್ತಿನಿಂದ ಮಗಳನ್ನು ತಪಾಸಣೆಯ ಕಣ್ಣಿನಿಂದಲೇ ನೋಡತೊಡಗಿದೆ. ಹುಬ್ಬು ಸರಿಯಾಗಿತ್ತು. ನಾಲಿಗೆ ನೋಡಲು, ‘ಜ್ವರ ಬಂದ ಹಾಗಿದೆ, ನಾಲಿಗೆ ಚಾಚು’ ಎಂದೆ. ‘ಅಪ್ಪಾ, ಕ್ಯಾ ಹೋ ಗಯಾ ತುಮ್ಹೇ?’ ಎನ್ನುತ್ತಲೇ ಚಾಚಿದಳು. ನಾಲಿಗೆಯೂ ಸರಿಯಾಗಿತ್ತು. ಉಳಿದದ್ದು ಹೊಕ್ಕಳು, ಅದನ್ನು ತೋರಿಸೆನ್ನುವಂತಿರಲಿಲ್ಲ. ಚುಚ್ಚಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಅದರ ಹಿಂದೆ ಯಾರಿದ್ದಾರೆ ಎಂಬ ಯೋಚನೆ. ಅವಳು ಬಾಗಿಲ ಬಳಿ ಬಿಟ್ಟ ಚಪ್ಪಲಿಯ ಮಣ್ಣಿನಿಂದ ಅವಳು ಯಾವ ರಸ್ತೆಯಲ್ಲಿ ಓಡಾಡಿದ್ದಾಳೆಂದು ಊಹಿಸಲು ಕೂಡ ನೋಡಿದೆ.

ಒಂದು ಶನಿವಾರ, ‘ಹೌಜ್ ಖಾಸ್‌ಗೆ ಹೋಗಿ ಬರ್ತೀನಿ, ಪುಸ್ತಕ ಬೇಕು’ ಎಂದು ಹೊರಟಳು. ನಾನು ಕಾರ್ಖಾನೆಗೆ ರಜೆ ಹೇಳಿ, ಮಂಗಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಹಿಂದೆ ಹೋದೆ. ಬಸ್ಸಿನಲ್ಲಿ ಅವಳಿಗಿಂತ ಆರು ಸೀಟು ಹಿಂದೆ, ಮುಖಕ್ಕೆ ಪತ್ರಿಕೆ ಹಿಡಿದು ಕೂತಿದ್ದೆ. ಪತ್ರಿಕೆ ತಲೆಕೆಳಗಾಗಿದೆ ಎಂದು ಪಕ್ಕದ ಮುದುಕ ಹೇಳಿದ ಮೇಲೆ ತಿರುಗಿಸಿದೆ.

ದೆಹಲಿಯ ಆ ಮಾರ್ಕೆಟ್ಟಿನಲ್ಲಿ ಅವಳು ಪುಸ್ತಕದಂಗಡಿ ದಾಟಿ ಹೋದಳು. ಮೂಲೆಯಲ್ಲಿ ಬಣ್ಣಬಣ್ಣದ ಗಾಜಿನ ಬಾಗಿಲ ಒಂದು ಸಣ್ಣ ಅಂಗಡಿ. ಬಾಗಿಲ ಮೇಲೆ ಕಿವಿ, ಮೂಗು, ಹೊಕ್ಕಳಿನ ಚಿತ್ರ. ನೇರವಾಗಿ ಒಳಗೆ ಹೋದಳು.

ನಾನು ಎದುರಿನ ಸೀಬೆಹಣ್ಣಿನ ಗಾಡಿಯ ಪಕ್ಕ ನಿಂತೆ. ಎಷ್ಟು ಹೊತ್ತಾದರೂ ಹಣ್ಣು ಕೊಳ್ಳದೆ ಹುಡುಗಿಯರು ಹೋಗಿಬರುವ ಬಾಗಿಲನ್ನೇ ನೋಡುತ್ತಿದ್ದವನನ್ನು ಗಾಡಿಯವನು ಕಣ್ಣಲ್ಲೇ ಅಳೆದ. ‘ಭಾಯಿ ಸಾಬ್, ಕಿಸ್ಕಾ ಇಂತಜಾರ್ ಹೈ?’ ಎಂದು, ಯಾರಿಗೆ ಕಾಯುತ್ತಿದ್ದೇನೆಂದು ಕೇಳಿದ. ‘ಕಿಸೀ ಕಾ ನಹೀ’, ಯಾರಿಗೂ ಅಲ್ಲ ಎಂದೆ. ಅವನಿಗೆ ಆ ಉತ್ತರ ಹಿಡಿಸಲಿಲ್ಲ. ಹಣ್ಣು ಹೆಚ್ಚುವ ಚಾಕುವನ್ನು ಬೇಕೆಂದೇ ನಿಧಾನವಾಗಿ ಒರೆಸಿದ.

ಮೇಘಾ ಹೊರಗೆ ಬಂದಳು. ಸಣ್ಣದೊಂದು ಪೊಟ್ಟಣವನ್ನು ಬ್ಯಾಗಿನೊಳಗೆ ತುರುಕುತ್ತಿದ್ದಳು. ನಾನು ರಸ್ತೆ ದಾಟಿ ಹೋಗಿ ಎದುರಿಗೆ ನಿಂತೆ. ಅವಳ ಮುಖ ಬಿಳುಪಾಯಿತು. ಆ ಬಿಳುಪೇ ನನಗೆ ಸಾಕ್ಷಿಯಾಯಿತು.

‘ಎಲ್ಲಿ ಚುಚ್ಚಿಸ್ಕೊಂಡಿದ್ದೀಯ?’

‘ನಾನಾ? ಎಲ್ಲೂ ಇಲ್ಲ ಅಪ್ಪಾ.’

‘ಬ್ಯಾಗ್ ಕೊಡು.’

‘ಅಪ್ಪಾ ಪ್ಲೀಸ್, ಇಲ್ಲಿ ಬೇಡ. ಮನೆಗೆ ಹೋಗೋಣ, ಚಲೋ.’

ನಾನು ಬ್ಯಾಗಿಗೆ ಕೈ ಹಾಕಿ ಎಳೆದೆ. ಜಿಪ್ಪು ಕಿತ್ತು ಒಳಗಿದ್ದುದೆಲ್ಲ ನೆಲಕ್ಕೆ ಬಿತ್ತು. ಬಾಚಣಿಗೆ, ನೋಟ್ಸು, ಕರವಸ್ತ್ರ, ಹುಡುಗಿಯರು ಬ್ಯಾಗಿನಲ್ಲಿ ಮರೆಯಾಗಿಟ್ಟುಕೊಳ್ಳುವ ವಸ್ತುಗಳು. ಗಾಯ ತೊಳೆಯುವ ದ್ರಾವಣದ ಸಣ್ಣ ಬಾಟಲಿ. ಪೊಟ್ಟಣದಲ್ಲಿ ಬೆರಳುಗುರಿನಷ್ಟು ಉದ್ದದ ಒಂದು ಲೋಹದ ಕಡ್ಡಿ.

‘ಇದು ಯಾರಿಗೆ?’ ಎಂದು ಪೊಟ್ಟಣವನ್ನು ಎತ್ತಿಕೊಂಡೆ.

ಅವಳು ಬಗ್ಗಿ ಕರವಸ್ತ್ರವನ್ನು ಆ ಮರೆಯ ವಸ್ತುಗಳ ಮೇಲೆ ಹರಡಿದಳು.

‘ನಿನ್ನನ್ನ ನಂಬಿ ಕಾಲೇಜಿಗೆ ಕಳಿಸಿದ್ದೇ ತಪ್ಪಾಯ್ತು’ ಎಂದೆ, ಗಟ್ಟಿಯಾಗಿ, ಕನ್ನಡದಲ್ಲಿ. ಯಾರಿಗೂ ಅರ್ಥವಾಗುವುದಿಲ್ಲ ಎಂಬ ಧೈರ್ಯ. ಅರ್ಥವಾಗಬೇಕಾದವಳಿಗೆ ಆಯಿತು.

ಅಷ್ಟರಲ್ಲಿ ಸೀಬೆಹಣ್ಣಿನವನು ಓಡಿ ಬಂದು ನನ್ನ ತೋಳು ಹಿಡಿದಿದ್ದ. ‘ಲಡ್ಕೀ ಕಾ ಬ್ಯಾಗ್ ಛೋಡ್! ಕಬ್ ಸೇ ದೇಖ್ ರಹಾ ಹೂಂ ಇಸ್ಕೋ’ ಎಂದು, ಹುಡುಗಿಯ ಬ್ಯಾಗು ಬಿಡು, ಆಗಿನಿಂದ ನೋಡುತ್ತಿದ್ದೇನೆ ಇವನನ್ನು ಎಂಬಂತೆ ಕೂಗಿದ. ಏಳೆಂಟು ಜನ ಸೇರಿದರು. ಒಬ್ಬ ಹೆಂಗಸು ಮೇಘಾಳನ್ನು ತನ್ನ ಹಿಂದಕ್ಕೆ ಎಳೆದುಕೊಂಡು, ‘ಬೇಟಾ, ಯೇ ಆದ್ಮೀ ಕೌನ್ ಹೈ?’ ಎಂದು, ನಾನು ಯಾರೆಂದು ಕೇಳಿದಳು.

ಮೇಘಾ ನನ್ನನ್ನು ನೋಡಿದಳು. ಗೊತ್ತಿಲ್ಲ ಎಂದಿದ್ದರೆ ಅಲ್ಲೇ ನನಗೆ ಧರ್ಮದೇಟು ಬೀಳುತ್ತಿತ್ತು. ಅವಳು ನೆಲ ನೋಡುತ್ತಾ, ಕೇಳಿಯೂ ಕೇಳದಷ್ಟು ಮೆಲ್ಲಗೆ, ‘ಪಾಪಾ ಹೈಂ ಮೇರೇ’ ಎಂದಳು. ಜನ ಚದುರಿದರು. ಅವಳು ಒಬ್ಬಳೇ ಕೂತು ಉಳಿದದ್ದನ್ನೆಲ್ಲ ಆಯ್ದುಕೊಂಡಳು. ನಾನು ಬಗ್ಗಿದೆ, ‘ಮುಟ್ಟಬೇಡ’ ಎಂದಳು.

ಮನೆ ಬಾಗಿಲು ತೆರೆದ ವನಜಾ ಇಬ್ಬರ ಮುಖ ನೋಡಿದಳು. ನಾನು ಕಡ್ಡಿಯ ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ, ‘ಕೇಳು ನಿನ್ನ ಮಗಳನ್ನ’ ಎಂದೆ.

‘ಅವಳನ್ನ ಯಾಕ್ರೀ ಕೇಳ್ತೀರಿ? ಇಲ್ಲಿ ನೋಡಿ.’

ವನಜಾ ತಲೆಗೆ ಸುತ್ತಿದ್ದ ಉಣ್ಣೆಯ ಮಫ್ಲರ್ ಬಿಚ್ಚಿದಳು. ಕಿವಿಯನ್ನು ಮುಚ್ಚುವಂತೆ ಇಳಿಬಿಟ್ಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. ಬಲಗಿವಿಯ ಮೇಲ್ತುದಿ ಊದಿಕೊಂಡು ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ನಡುವೆ ಒಂದು ಲೋಹದ ಮಣಿ ಮಾಂಸದೊಳಗೆ ಹುದುಗುವುದರಲ್ಲಿತ್ತು.

‘ಬುಗುಡಿಗೆ ಚುಚ್ಚಿಸ್ಕೊಂಡೆ. ಇಪ್ಪತ್ತೆರಡು ದಿನ ಆಯ್ತು. ಊದಿ ಕಡ್ಡಿ ಬಿಗಿ ಆಗಿತ್ತು, ಉದ್ದದ್ದು ತಾ ಅಂತ ನಾನೇ ಅವಳನ್ನ ಕಳಿಸಿದ್ದು. ಯಾರಿಗೂ ಹೇಳಬೇಡ ಅಂತ ಅವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ.’

ನನ್ನ ಬಾಯಿಗೆ ಬಂದದ್ದು ಇಷ್ಟೇ: ‘ನನಗೆ ಕಾಣಲೇ ಇಲ್ಲವಲ್ಲ!’

‘ಉಪ್ಪು ನೋಡಿದ್ರಿ, ಹತ್ತಿ ನೋಡಿದ್ರಿ, ಮಗಳ ಚಪ್ಪಲಿ ಕೂಡ ನೋಡಿದ್ರಿ. ನಾನು ದಿನಾ ಎದುರಿಗೆ ಕೂತು ಊಟ ಮಾಡ್ತಿದ್ದೆ’ ಎಂದಳು. ಕೋಪದಿಂದೇನೂ ಅಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸಲೀಸಾಗುತ್ತಿತ್ತು.

ಮೇಘಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಈ ಸಲ ಒಳಗೆ ಪಿಸುಮಾತಿರಲಿಲ್ಲ.

ಅಂದೇ ಸಂಜೆ ವನಜಾಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದ ಪಂಜಾಬಿ ಹೆಂಗಸು. ದೀಪ ಹಿಡಿದು ನೋಡಿ, ಇನ್ನೆರಡು ದಿನ ತಡ ಮಾಡಿದ್ದರೆ ಸೋಂಕು ಒಳಗಿನ ಎಲುಬಿನಂಥ ಭಾಗಕ್ಕೆ ಇಳಿದು ಕಿವಿಯ ಆಕಾರವೇ ಕೆಡುತ್ತಿತ್ತು ಎಂದರು. ಉದ್ದದ ಕಡ್ಡಿಯನ್ನು ತಾವೇ ಶುದ್ಧ ಮಾಡಿ ಹಾಕಿದರು. ವನಜಾ ನನ್ನ ಮಣಿಕಟ್ಟು ಹಿಡಿದು ಉಗುರೂರಿದಳು. ಔಷಧಿ ಬರೆಯುತ್ತಾ ಡಾಕ್ಟರು ಕೇಳಿದರು: ‘ಇದಕ್ಕೆ ಗಾಳಿ ಬೇಕಮ್ಮಾ. ಮೂರು ವಾರ ಕೂದಲು, ಉಣ್ಣೆ ಎಲ್ಲ ಹಾಕಿ ಯಾಕೆ ಮುಚ್ಚಿಟ್ಟಿರಿ? ಯಾರಿಗೆ ಹೆದರಿ?’

ವನಜಾ ಗೋಡೆಯ ಮೇಲಿದ್ದ ಕಿವಿಯ ಚಿತ್ರ ನೋಡಿದಳು. ನಾನೂ ಅದನ್ನೇ ನೋಡಿದೆ.

ಮರುದಿನದಿಂದ ತೊಳೆಯುವ ಕೆಲಸ ನನಗೆ ಬಂತು. ‘ಇನ್ಮೇಲೆ ಅಪ್ಪನೇ ಮಾಡ್ಲಿ’ ಎಂದು ಮೇಘಾ ತಾಯಿಗೆ ಹೇಳಿ ಕೈ ಬಿಟ್ಟಿದ್ದಳು. ಬೆಳಗ್ಗೆ ಗಾಡಿ ಬರುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು. ಸೋಪಿನಲ್ಲಿ ಕೈ ತೊಳೆದು, ಹತ್ತಿಯನ್ನು ಅದ್ದಿ, ಕಿವಿಯ ಮೇಲೆ ಸುಮ್ಮನೆ ಹಿಡಿಯಬೇಕು, ತಿಕ್ಕಬಾರದು. ಅಂಚಿಗೆ ಕಟ್ಟಿದ ಹಕ್ಕಳೆ ತಾನಾಗಿ ನೆನೆದು ಬಿಡಬೇಕು. ಮೊದಲ ದಿನ ಹತ್ತಿಯನ್ನು ಹಿಂಡದೆ ಹಿಡಿದು ನೀರೆಲ್ಲ ವನಜಾಳ ರವಿಕೆಯೊಳಗೆ ಇಳಿಯಿತು. ಗುರ್ಗಾಂವಿನ ಜನವರಿ ಚಳಿ. ‘ಅಮ್ಮಾ!’ ಎಂದು ಚೀರಿದಳು.

ನನ್ನ ಅನುಮಾನವೇನೂ ಕಮ್ಮಿಯಾಗಲಿಲ್ಲ, ದಿಕ್ಕು ಬದಲಿಸಿತು ಅಷ್ಟೇ. ಟ್ಯಾಂಕರ್ ನೀರಿನ ಮೇಲೆ ಅನುಮಾನ ಬಂದು ಎರಡೆರಡು ಸಲ ಕುದಿಸಿದೆ. ದಿಂಬಿನ ಚೀಲದ ಮೇಲೆ ಅನುಮಾನ ಬಂದು ದಿನಾ ಒಗೆಯಲು ಹಾಕಿದೆ. ಕೆಂಪು ನಿನ್ನೆಗಿಂತ ಹೆಚ್ಚಾಗಿದೆಯೋ ಎಂದು ಭೂತಗನ್ನಡಿ ಹಿಡಿದು ನೋಡಿದೆ. ‘ರೀ, ಇದು ಕಿವಿ, ಬ್ರೇಕಲ್ಲ’ ಎಂದು ವನಜಾ ನಗುತ್ತಿದ್ದಳು. ಅವಳ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ, ಒಂದು ಸಾಸಿವೆಯಷ್ಟು ಮಚ್ಚೆಯಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು.

ಹತ್ತಿ ಹಿಡಿದು ಐದೈದು ನಿಮಿಷ ಕೂರಬೇಕಲ್ಲ, ಆಗ ಮಾತು ತಾನಾಗಿ ಬರುತ್ತಿತ್ತು. ಬುಗುಡಿ ಅವಳ ಅಜ್ಜಿಯದು. ಕಿವಿಯ ಮೇಲ್ತುದಿಗೆ ಹಾಕುವ, ಸಣ್ಣ ಮುತ್ತು ಕಟ್ಟಿದ ಒಡವೆ. ಚಿಕ್ಕವಳಿದ್ದಾಗ ಅಜ್ಜಿಯ ಮಡಿಲಲ್ಲಿ ಮಲಗಿ ಆ ಮುತ್ತುಗಳನ್ನು ಎಣಿಸುತ್ತಾ ನಿದ್ದೆ ಹೋಗುತ್ತಿದ್ದಳಂತೆ.

‘ಮತ್ತೆ ಆಗಲೇ ಯಾಕೆ ಚುಚ್ಚಿಸಲಿಲ್ಲ?’

‘ಮದುವೆಗೆ ಮುಂಚೆ ಚುಚ್ಚಿಸೋಣ ಅಂತಿದ್ರು. ಗಂಡಿನ ಕಡೆಯವರು ಅದೆಲ್ಲ ಹಳ್ಳಿ ಫ್ಯಾಶನ್, ಬೇಡ ಅಂದ್ರು.’

‘ಗಂಡಿನ ಕಡೆ ಅಂದ್ರೆ ಯಾರು?’

‘ನಿಮ್ಮಕ್ಕ. ನೀವೂ ಪಕ್ಕದಲ್ಲೇ ಕೂತಿದ್ರಿ. ತಲೆ ಆಡಿಸಿದ್ರಿ.’

ನನಗೆ ನೆನಪಿರಲಿಲ್ಲ. ಆದರೆ ಆ ಚಳಿಗಾಲದ ಮುಂಚಿನ ದೀಪಾವಳಿಗೆ ಅವಳ ಅಮ್ಮ ಬುಗುಡಿಯ ಡಬ್ಬಿ ಕಳಿಸಿದಾಗ, ಮುಚ್ಚಳ ತೆರೆದು ತೋರಿಸಿದವಳಿಗೆ ನಾನು ಟಿವಿಯಿಂದ ಕಣ್ಣು ಕೀಳದೆ, ‘ಈ ವಯಸ್ಸಲ್ಲಿ ಇದನ್ನೇನು ಮಾಡ್ತೀಯ, ಲಾಕರಲ್ಲಿಡು’ ಎಂದದ್ದು ನೆನಪಿತ್ತು. ಹತ್ತಿ ಒಣಗಿತ್ತು. ಮತ್ತೆ ಅದ್ದಿಕೊಂಡೆ.

ಕಿವಿ ಮಾಯುತ್ತಾ ಬಂತು. ಮೇಘಾ ಮಾತ್ರ ನನ್ನೊಡನೆ ಮಾತಾಡುತ್ತಿರಲಿಲ್ಲ. ಎದುರಿಗೇ ಇದ್ದರೂ, ‘ಅಮ್ಮಾ, ಅಪ್ಪನಿಗೆ ಹೇಳು, ಗ್ಯಾಸ್‌ನವನು ಬಂದಿದ್ದ’ ಎನ್ನುತ್ತಿದ್ದಳು. ಮೂರನೆಯ ವಾರ ನಾನು ಅವಳ ಕೋಣೆಯ ಬಾಗಿಲು ತಟ್ಟಿದೆ. ಹಿಂದೆಂದೂ ತಟ್ಟಿದವನಲ್ಲ, ನೇರ ನುಗ್ಗುತ್ತಿದ್ದೆ. ಯಾರೋ ಬೇರೆಯವರೆಂದು ‘ಹಾಂ ಜೀ’ ಎಂದಳು.

‘ತಪ್ಪಾಯ್ತು ಮೇಘಾ’ ಎಂದೆ, ಹೊಸ್ತಿಲಲ್ಲೇ ನಿಂತು.

‘ಆ ಸೀಬೆಹಣ್ಣಿನ ಭಯ್ಯಾ ಎದುರಿಗೆ ನೀನು ನನ್ನ ಪಾಪಾ ಅಂತ ಹೇಳೋಕೆ ನಂಗೆ ಎಷ್ಟು ಶರಮ್ ಆಯ್ತು ಗೊತ್ತಾ?’

‘ಗೊತ್ತು.’

‘ಇಲ್ಲ, ಗೊತ್ತಿಲ್ಲ’ ಎಂದು ಪುಸ್ತಕದ ಹಾಳೆ ತಿರುಗಿಸಿದಳು. ನಾನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದೆ. ಆದರೆ ಮರುದಿನ ಬೆಳಗ್ಗೆ ನಾನು ಕಿವಿ ತೊಳೆಯುವಾಗ ಬಂದು ಹಿಂದೆ ನಿಂತಳು. ‘ಅಷ್ಟು ಪ್ರೆಸ್ ಮಾಡಬೇಡ, ನೀರು ಬೆಚ್ಚಗಿರಲಿ’ ಎಂದಳು. ತಾಯಿಯ ಮೂಲಕವಲ್ಲ, ನೇರವಾಗಿ ನನಗೆ.

ಯುಗಾದಿಗೆ ದೆಹಲಿಯ ಪರಿಚಯದ ಕನ್ನಡದವರೆಲ್ಲ ಒಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು, ಆದರೂ ವನಜಾ ಬುಗುಡಿ ಹಾಕಿಕೊಳ್ಳುವಾಗ ನಾನು ಉಸಿರು ಬಿಗಿಹಿಡಿದೆ. ಅದು ತಕರಾರಿಲ್ಲದೆ ಒಳಗೆ ಹೋಯಿತು. ಕೂದಲನ್ನು ಎತ್ತಿ ತುರುಬು ಕಟ್ಟಿಕೊಂಡಳು. ಊಟದ ಪಂಕ್ತಿಯಲ್ಲಿ ಒಬ್ಬ ಅಜ್ಜಿ ಅವಳ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿ, ‘ಎಷ್ಟು ವರ್ಷ ಆಗಿತ್ತೇ ಬುಗುಡಿ ನೋಡಿ! ಇದು ಮಾಯೋಕೆ ಬಹಳ ಕಷ್ಟ, ಹೆಂಗೆ ನೋಡ್ಕೊಂಡೆ?’ ಎಂದರು. ವನಜಾ ಒಬ್ಬಟ್ಟು ಮುರಿಯುತ್ತಾ, ‘ನಾನೆಲ್ಲಿ ನೋಡ್ಕೊಂಡೆ’ ಎಂದು ನನ್ನ ಕಡೆ ಗದ್ದ ತೋರಿಸಿದಳು. ಅಜ್ಜಿ ನಂಬಲಿಲ್ಲ. ನಾನಾದರೂ ನಂಬುತ್ತಿರಲಿಲ್ಲ.

ಬೇಸಿಗೆ ಬಂತು. ಒಂದು ಭಾನುವಾರ ಬೆಳಗ್ಗೆ ಕರೆಂಟಿಲ್ಲದೆ ನಾನು ಬಾಲ್ಕನಿಯಲ್ಲಿ ಕೂತು ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದೆ. ಮೇಘಾ ಬಂದು ಎದುರಿಗೆ ಮಣೆ ಎಳೆದುಕೊಂಡು ಕೂತಳು.

‘ಅಪ್ಪಾ, ಒಂದು ಮಾತು. ಅಮ್ಮನಿಗೆ ಇನ್ನೂ ಹೇಳಿಲ್ಲ, ನಿನಗೇ ಮೊದಲು ಹೇಳ್ತಿರೋದು. ನಂಗೆ ಹುಬ್ಬಿಗೆ ಚುಚ್ಚಿಸ್ಕೋಬೇಕು.’

ನನ್ನ ಎದೆಯೊಳಗೆ ಒಂದೇ ಸಲಕ್ಕೆ ಎಷ್ಟೊಂದು ಪ್ರಶ್ನೆಗಳು ಎದ್ದವೆಂದರೆ! ಹುಬ್ಬಿಗೇ ಯಾಕೆ? ಯಾರು ಹೇಳಿಕೊಟ್ಟರು? ಯಾರಿಗೆ ತೋರಿಸಲು? ಅಮ್ಮನಿಗೆ ಮುಂಚೆ ನನಗೇಕೆ ಹೇಳುತ್ತಿದ್ದಾಳೆ, ಇದರ ಹಿಂದೆ ಇನ್ನೇನಿದೆ? ಪತ್ರಿಕೆಯನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ.

‘ಯಾವತ್ತು ಹೋಗೋಣ?’ ಎಂದೆ.

ಮೇಘಾ ಕಣ್ಣು ಕಿರಿದು ಮಾಡಿದಳು. ನನ್ನ ಮುಖವನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು. ಆಮೇಲೆ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು, ‘ನಾಲಿಗೆ ಚಾಚು ನೋಡೋಣ’ ಎಂದಳು.